ಬೋರರ್ ಬಿದ್ದ ಗಿಡದಿಂದ ಎಣ್ಣೆ ಇಳಿಸುವುದು ಹೇಗೆ?

ಮೂಡಿಗೆರೆ ಕಡೆಯ ತೋಟಗಳಲ್ಲಿ ಬೋರರ್, ಅಂದರೆ ಕಾಂಡ ಕೊರೆಯುವ ಹುಳ, ಬಿದ್ದ ಅರೇಬಿಕಾ ಕಾಫಿ ಗಿಡ ಕಿತ್ತು ಸುಡುವುದು ವರ್ಷ ವರ್ಷದ ಕೆಲಸ. ಹುಳ ಕಾಂಡದೊಳಗೇ ಕೂತಿರುತ್ತದೆ, ಹಾಗೇ ಬಿಟ್ಟರೆ ಪಕ್ಕದ ಗಿಡವೂ ಹೋಯಿತು. ಕಳೆದ ಸಲ ತಂಗಿಯ ಮಗ ಎಂಜಿನಿಯರಿಂಗ್ ಪ್ರಾಜೆಕ್ಟಿಗೆಂದು ಅದರಲ್ಲೇ ಒಂದು ಹೊರೆ ಕೇಳಿದ. ಕುತೂಹಲಕ್ಕೆ ನಾನೂ ಅವನ ಲ್ಯಾಬಿಗೆ ಹೋಗಿ ಕೈ ಮಸಿ ಮಾಡಿಕೊಂಡು ಬಂದೆ.

ಹಾಸನದ ಮಡೆನೂರಿನ ಜೈವಿಕ ಇಂಧನ ಪಾರ್ಕ್ ನೋಡಿದವರು ಇದನ್ನು ಅದರ ಜೊತೆ ಬೆರೆಸಬೇಡಿ. ಅಲ್ಲಿಯದು ಹೊಂಗೆ, ಬೇವು, ಹಿಪ್ಪೆ ಬೀಜದ ಎಣ್ಣೆ. ಕಟ್ಟಿಗೆಯಲ್ಲಿ ಹಿಂಡಲು ಎಣ್ಣೆಯೇ ಇಲ್ಲ. ಗಾಳಿ ಸೋಕದಂತೆ ಕಾಯಿಸಿ, ಕಟ್ಟಿಗೆಯನ್ನೇ ಒಡೆದು ಆವಿ ಮಾಡಿ, ಆ ಆವಿಯನ್ನು ತಣಿಸಿ ಹಿಡಿಯಬೇಕು. ಇದಕ್ಕೆ ಪೈರಾಲಿಸಿಸ್ ಎನ್ನುತ್ತಾರೆ.

ಒಣಗಿಸಿ, ಮತ್ತೆ ಒಣಗಿಸಿ

ಅರ್ಧ ಕೆಲಸ ಇಲ್ಲೇ ಇದೆ. ತೊಗಟೆ ಕೆರೆದು ತೆಗೆಯಿರಿ, ಅದರಲ್ಲಿ ಬೂದಿಯ ಅಂಶ ಹೆಚ್ಚು. ಬೂದಿಯಲ್ಲಿರುವ ಪೊಟ್ಯಾಸಿಯಂ ಆವಿಯನ್ನು ಎಣ್ಣೆಯಾಗಲು ಬಿಡದೆ ನೀರು, ಅನಿಲ, ಇದ್ದಿಲಿನ ಕಡೆಗೆ ಎಳೆಯುತ್ತದೆ. ಕಾಫಿ ಸಿಪ್ಪೆ ಹಾಕಬಾರದೇ ಎಂದು ಕೇಳುವವರಿಗೂ ಇದೇ ಉತ್ತರ: ಅದರಲ್ಲಿ ಪೊಟ್ಯಾಸಿಯಂ ತುಂಬಾ ಇದೆ, ನೀರಲ್ಲಿ ತೊಳೆಯದೆ ಹಾಕಬೇಡಿ.

ಕಾಂಡವನ್ನು ಪುಡಿ ಮಾಡಿ 2 ಮಿ.ಮೀ. ಜರಡಿಯಲ್ಲಿ ಆಡಿ. ಸಾಮಿಲ್ಲಿನ ಸಿಲ್ವರ್ ಓಕ್ ಹೊಟ್ಟಾದರೆ ಆ ಕಷ್ಟವೂ ಇಲ್ಲ. ಆಮೇಲೆ 105 ಡಿಗ್ರಿ ಓವನ್ನಿನಲ್ಲಿ ರಾತ್ರಿಯಿಡೀ ಇಡಿ. ಬೆಳಿಗ್ಗೆ ತೂಗಿ, ಮತ್ತೆರಡು ಗಂಟೆ ಬಿಟ್ಟು ತೂಗಿ, ತೂಕ ನಿಂತಲ್ಲೇ ನಿಂತರೆ ಒಣಗಿದೆ ಎಂದರ್ಥ. ನಾವು ಜುಲೈ ತಿಂಗಳ ಮಳೆಯಲ್ಲಿ, ಕೈಗೆ ಒಣಗಿದಂತೆ ಕಂಡಿತೆಂದು ನಂಬಿ ಮೊದಲ ಸಲ ಹಾಗೇ ಹಾಕಿದೆವು. 'ಮಾವ, ಬರೀ ನೀರೇ ಬಂದಿದೆಯಲ್ಲ' ಎಂದು ಹುಡುಗ ಬಾಟಲಿ ಎತ್ತಿ ತೋರಿಸಿದ. ತಳದಲ್ಲಿ ಒಂದು ಬೆರಳು ಟಾರು, ಮೇಲೆಲ್ಲ ಕಂದು ನೀರು.

ಬಿಳಿ ಪುಡಿ

ಕ್ಯಾಟಲಿಸ್ಟ್, ಅಂದರೆ ಶಾಲೆಯ ಪುಸ್ತಕದ ವೇಗವರ್ಧಕ, ಯಾಕೆ ಬೇಕು? ಒಣ ಮರದ ತೂಕದಲ್ಲಿ ಶೇ 40ಕ್ಕೂ ಹೆಚ್ಚು ಆಮ್ಲಜನಕ. ಬರೀ ಕಾಯಿಸಿದರೆ ಅದು ಹಾಗೇ ಎಣ್ಣೆಗೂ ಬರುತ್ತದೆ. ಆ ಎಣ್ಣೆ ಹುಣಸೆಹಣ್ಣಿನಷ್ಟು ಹುಳಿ, ಡೀಸೆಲ್ ಜೊತೆ ಬೆರೆಯುವುದಿಲ್ಲ, ಅದರ ಅರ್ಧದಷ್ಟೂ ಶಾಖ ಕೊಡುವುದಿಲ್ಲ, ಇಟ್ಟಷ್ಟೂ ಗಟ್ಟಿಯಾಗುತ್ತದೆ.

ಝಡ್‌ಎಸ್‌ಎಂ-5 ಎಂಬ ಜಿಯೋಲೈಟ್ (ಸೂಕ್ಷ್ಮ ರಂಧ್ರಗಳ ಖನಿಜದಂಥ ಪುಡಿ) ಇದಕ್ಕೆ ಹೆಚ್ಚು ಬಳಕೆಯಲ್ಲಿದೆ. ನೋಡಲು ಮೈದಾಹಿಟ್ಟು. ಒಳಗೆ ಮಾತ್ರ ಸುಮಾರು 0.55 ನ್ಯಾನೋಮೀಟರ್ ಅಗಲದ ರಂಧ್ರಗಳ ಜರಡಿ, ಬೆನ್ಜೀನ್, ಟಾಲ್ಯೂಯಿನ್ ಅಣುಗಳು ತೂರುವಷ್ಟೇ ಕಿಂಡಿ. ಅದರೊಳಗಿನ ಆಮ್ಲೀಯ ತಾಣಗಳು ಆವಿಯ ಆಮ್ಲಜನಕವನ್ನು ನೀರು, ಕಾರ್ಬನ್ ಮಾನಾಕ್ಸೈಡ್, ಕಾರ್ಬನ್ ಡೈಆಕ್ಸೈಡ್ ಮಾಡಿ ಹೊರಗೆ ಹಾಕುತ್ತವೆ. ಪುಡಿ ಅಮೋನಿಯಂ ರೂಪದಲ್ಲಿ ಬಂದಿದ್ದರೆ ಮೊದಲು 550 ಡಿಗ್ರಿಯಲ್ಲಿ ನಾಲ್ಕೈದು ಗಂಟೆ ಗಾಳಿಯಲ್ಲಿ ಕಾಯಿಸಿ. ಅಮೋನಿಯಾ ಹಾರಿಹೋದ ಮೇಲೆಯೇ ಅದು ಕೆಲಸಕ್ಕೆ ಬರುವುದು.

ಪುಡಿಯನ್ನು ಹೊಟ್ಟಿನ ಜೊತೆಗೇ ಕಲಸುವವರೂ ಇದ್ದಾರೆ. ನನಗೆ ಅದು ಸರಿಬರಲಿಲ್ಲ. ಇದ್ದಿಲು, ಬೂದಿಯಿಂದ ಮತ್ತೆ ಬೇರೆ ಮಾಡುವವರು ಯಾರು? ಆವಿ ಹೋಗುವ ದಾರಿಯಲ್ಲಿ, ಕ್ವಾರ್ಟ್ಜ್ ಉಣ್ಣೆಯ (ಶಾಖ ತಡೆಯುವ, ಹತ್ತಿಯಂಥ ಗಾಜಿನ ಎಳೆ) ಮೇಲೆ ಬೇರೆಯಾಗಿ ಹಾಸುವುದೇ ವಾಸಿ.

ಕಾಯಿಸುವುದು

ಸ್ಟೇನ್‌ಲೆಸ್ ಸ್ಟೀಲ್ ಕೊಳವೆ, ಸುತ್ತ ಹೀಟರ್, ಒಂದು ಕಡೆ ನೈಟ್ರೋಜನ್ ಸಿಲಿಂಡರ್, ಇನ್ನೊಂದು ಕಡೆ ಮಂಜುಗಡ್ಡೆಯಲ್ಲಿ ಕೂರಿಸಿದ ಎರಡು ಬಾಟಲಿ. ಕಾಯಿಸುವ ಮೊದಲು ಅರ್ಧ ಗಂಟೆ ನೈಟ್ರೋಜನ್ ಬಿಟ್ಟು ಗಾಳಿಯನ್ನು ಪೂರ್ತಿ ಹೊರಗೆ ತಳ್ಳಿ. ಗಾಳಿ ಉಳಿದರೆ ಸ್ಫೋಟದ ಭಯ. ಕೊನೆಯ ಅನಿಲದಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುವುದರಿಂದ ಅದರ ಕೊಳವೆ ಫ್ಯೂಮ್ ಹುಡ್ಡಿಗೇ, ಅಂದರೆ ಲ್ಯಾಬಿನ ಹೊಗೆ ಹೀರುವ ಗೂಡಿಗೇ, ಹೋಗಬೇಕು. ಮನೆ ಹಿಂದಿನ ಶೆಡ್ಡಿನಲ್ಲಿ ಡ್ರಮ್ಮು ಕಟ್ಟಿ ಮಾಡುವ ಕೆಲಸ ಇದಲ್ಲ.

ಮರದ ಹೊಟ್ಟು, ಕ್ಯಾಟಲಿಸ್ಟ್ ಪುಡಿ ಎರಡನ್ನೂ 500 ಡಿಗ್ರಿ ಹತ್ತಿರ ಇಡಿ. ಬೇಗ ಕಾಯಿಸಿ ಬೇಗ ತಣಿಸಿದಷ್ಟೂ ಎಣ್ಣೆ ಹೆಚ್ಚು, ನಿಧಾನ ಮಾಡಿದರೆ ಇದ್ದಿಲು ಹೆಚ್ಚು. ಮರಳು ಕುದಿಯುವಂತೆ ಓಡುವ ದೊಡ್ಡ ಘಟಕಗಳಲ್ಲಿ ಆವಿ ಎರಡು ಸೆಕೆಂಡೂ ಒಳಗೆ ನಿಲ್ಲುವುದಿಲ್ಲ, ಕ್ಯಾಟಲಿಸ್ಟ್ ಇಲ್ಲದೆ ಒಣ ಮರದ ತೂಕದ ಶೇ 60ರಿಂದ 75 ದ್ರವ ಸಿಗುತ್ತದೆ. ನಮ್ಮಂಥ ಕೊಳವೆಗೆ ಅಷ್ಟು ಆಸೆ ಬೇಡ. ಮುಗಿದ ಮೇಲೆ ಪೂರ್ತಿ ತಣ್ಣಗಾಗುವವರೆಗೆ ಕೊಳವೆ ಬಿಚ್ಚಬೇಡಿ. ಬಿಸಿ ಇದ್ದಿಲಿಗೆ ಗಾಳಿ ತಾಗಿದರೆ ಕೆಂಡವಾಗುತ್ತದೆ.

ಬಾಟಲಿಯಲ್ಲಿ ಏನಿದೆ

ಕ್ಯಾಟಲಿಸ್ಟ್ ದಾಟಿ ಬಂದದ್ದು ಎರಡು ಪದರವಾಗಿ ನಿಲ್ಲುತ್ತದೆ: ಒಂದು ನೀರು, ಇನ್ನೊಂದು ಎಣ್ಣೆ. ಎಣ್ಣೆಯ ಪ್ರಮಾಣ ನೋಡಿ ಪೆಚ್ಚಾಗಬೇಡಿ. ನೂರು ಕೆ.ಜಿ. ಒಣ ಮರಕ್ಕೆ 20 ಕೆ.ಜಿ. ಆಸುಪಾಸು ಬಂದರೆ ಅದೇ ದೊಡ್ಡದು. ಗುಣ ಹೆಚ್ಚಿದಂತೆ ಅಳತೆ ಇಳಿಯುತ್ತದೆ. ಇದನ್ನೂ ನೇರ ಟ್ರ್ಯಾಕ್ಟರಿಗೆ ಸುರಿಯುವಂತಿಲ್ಲ. ಇನ್ನೂ ಉಳಿದ ಆಮ್ಲಜನಕ ತೆಗೆಯಲು ಕೋಬಾಲ್ಟ್-ಮಾಲಿಬ್ಡಿನಂ ಮೇಲೆ ಹೈಡ್ರೋಜನ್ ಹಾಯಿಸಬೇಕು, ಅದು ರಿಫೈನರಿಯ ಕೆಲಸ. ಬೆನ್ಜೀನ್ ಇರುತ್ತದೆ, ಮೂಸಿ ನೋಡಬೇಡಿ.

ಶೇಖರಿಸಲು ಗಾಜಿನ ಬಾಟಲಿಯೇ ಇರಲಿ. ನಾನು ಕ್ಯಾಟಲಿಸ್ಟ್ ಇಲ್ಲದೆ ತೆಗೆದ ಎಣ್ಣೆಯನ್ನು ತಗಡಿನ ಡಬ್ಬಿಗೆ ಹಾಕಿ ಮರೆತಿದ್ದೆ, ಹುಳಿಗೆ ತಳವೇ ತೂತಾಗಿ ಅಟ್ಟದ ಹಲಗೆಯೆಲ್ಲ ಕಪ್ಪು.

ಕ್ಯಾಟಲಿಸ್ಟ್ ಪುಡಿಯನ್ನು ಎಸೆಯಬೇಡಿ. ಮೈದಾದಂತಿದ್ದದ್ದು ಕೋಕ್, ಅಂದರೆ ಇಂಗಾಲದ ಮಸಿ, ಹಿಡಿದು ಕಾಫಿಪುಡಿಗಿಂತ ಕಪ್ಪಾಗಿರುತ್ತದೆ. 550 ಡಿಗ್ರಿಯಲ್ಲಿ ಗಾಳಿಯಾಡಿಸಿ ಸುಟ್ಟರೆ ಮತ್ತೆ ಬೆಳ್ಳಗಾಗುತ್ತದೆ, ಮುಂದಿನ ಹೊರೆಗೆ ಅದನ್ನೇ ಹಾಕಿ.