ಚೆಂಡುಹೂವಿನ ಕ್ರೋಮೋಸೋಮ್ ಡಬಲ್ ಮಾಡಿದ ನನ್ನ ಅನುಭವ

ಕಳೆದ ದೀಪಾವಳಿಗೆ ರಾಣೆಬೆನ್ನೂರಿನಿಂದ ಹುಬ್ಬಳ್ಳಿಗೆ ಕಳಿಸಿದ ನನ್ನ ಚೆಂಡುಹೂ ಎರಡು ರಾತ್ರಿ ಚೀಲದಲ್ಲಿದ್ದರೂ ಎಸಳು ಕಪ್ಪಾಗಲಿಲ್ಲ. ದಲಾಲರು ಕೆ.ಜಿ.ಗೆ ಎಂಟು-ಹತ್ತು ರೂಪಾಯಿ ಜಾಸ್ತಿ ಕೊಟ್ಟರು. 'ಹೈಬ್ರಿಡ್ ಬೀಜ ತಂದು ಹಾಕೋದು ಬಿಟ್ಟು ಇದೆಲ್ಲ ನಿನಗ್ಯಾಕೆ' ಎಂದವರೇ ಈಗ ಹೊಲ ನೋಡೋಕೆ ಬರುತ್ತಿದ್ದಾರೆ.

ಇದು ಬಿ.ಟಿ. ಹತ್ತಿ ಥರದ್ದಲ್ವಾ ಎಂದು ಎಲ್ಲರೂ ಕೇಳುತ್ತಾರೆ. ಹತ್ತಿ ಬೆಳೆದ ಜಿಲ್ಲೆ, ಕೇಳೋದು ಸಹಜ. ಅಲ್ಲ. ಹೊರಗಿನ ಜೀನ್ ಒಂದೂ ಹಾಕಿಲ್ಲ. ಗಿಡದ್ದೇ 24 ಕ್ರೋಮೋಸೋಮ್ (ಜೀನ್‌ಗಳನ್ನು ಹೊತ್ತ ಎಳೆಗಳು) 48 ಆಗಿವೆ, ಅಷ್ಟೇ. ಜಪಾನಿನವರು 2017ರಲ್ಲಿ ನೀಲಿ ಸೇವಂತಿಗೆ ತೋರಿಸಿದರಲ್ಲ, ಅದು ಬೇರೆ ದಾರಿ. ಅದರಲ್ಲಿ ನಮ್ಮ ಬೇಲಿ ಮೇಲೆ ಹಬ್ಬುವ ಶಂಖಪುಷ್ಪದ ಜೀನ್ ಇದೆ. ಅದನ್ನು ಓದಿದಾಗ ನನಗೂ ಆಸೆ ಹುಟ್ಟಿತ್ತು. ಆದರೆ ಅಂಥ ಕೆಲಸಕ್ಕೆ ಇಲ್ಲಿ 1989ರ ನಿಯಮದಂತೆ ಅನುಮತಿ ಬೇಕು, ಲ್ಯಾಬ್ ಬೇಕು. ನರ್ಸರಿಯವನ ಕೈಗೆ ಎಟುಕೋದು ಕಾಲ್ಚಿಸಿನ್ ಮಾತ್ರ, ಅಂದರೆ ಬೆಳೆಯುವ ಕುಡಿಯಲ್ಲಿ ಕ್ರೋಮೋಸೋಮ್ ಡಬಲ್ ಆಗುವಂತೆ ಮಾಡುವ ಔಷಧಿ.

ಒಂದು ಗ್ರಾಂಗೆ ಆಗ ನಾಲ್ಕೂವರೆ ಸಾವಿರದ ಹತ್ತಿರ ಕೊಟ್ಟ ನೆನಪು. ಶುರುವಿಗೆ ಬೀಜ ನೆನೆಸಿದೆ. ಮೊಳಕೆ ಬಂತು, ಬೇರು ಮಾತ್ರ ಗಂಟು ಕಟ್ಟಿ ನಿಂತುಬಿಟ್ಟಿತು. ಟ್ರೇಗಟ್ಟಲೆ ಹೋಯಿತು, ಔಷಧಿಯೂ ಹೋಯಿತು. ಆಮೇಲೆ ಬೇರಿನ ತಂಟೆಗೇ ಹೋಗದೆ ಕುಡಿಗೆ ಹನಿ ಬಿಡಲು ಶುರು ಮಾಡಿದೆ. ಶೇ. 0.5 ದ್ರಾವಣಕ್ಕೆ ಕುಡಿಯೇ ಸುಟ್ಟು ಹೋಯಿತು. ಶೇ. 0.2ಕ್ಕೆ ಇಳಿಸಿದ ಮೇಲೆ ಕೆಲಸ ಕೂಡಿ ಬಂತು. ಒಂದು ಗ್ರಾಂಗೆ ಅರ್ಧ ಲೀಟರ್ ದ್ರಾವಣ ಆಗುತ್ತದೆ. ಹನಿ ಲೆಕ್ಕದಲ್ಲಿ ಅದು ಇಡೀ ಹಂಗಾಮಿಗೆ ಸಾಕು, ಕತ್ತಲಲ್ಲಿ ಇಟ್ಟರೆ.

ಎರಡು ಬೀಜದೆಲೆ ಬಿಚ್ಚಿಕೊಂಡು ನಡುವೆ ಕುಡಿ ಸಾಸಿವೆಯಷ್ಟೂ ಇರದ ಹೊತ್ತಿಗೆ ಅಲ್ಲಿ ಒಂದು ಎಳೆ ಹತ್ತಿ ಕೂರಿಸಿ ಹನಿ ಬಿಡಬೇಕು. ಹತ್ತಿ ಒಣಗಬಾರದು. ಒಣಗದಿರಲು ನಾನು ದ್ರಾವಣಕ್ಕೆ ಒಂದು ಪದಾರ್ಥ ಸೇರಿಸುತ್ತೇನೆ, ಯಾವ ಹೊತ್ತಿಗೆ ಬಿಡಬೇಕೆಂಬ ಲೆಕ್ಕವೂ ಇದೆ. ಅವೆರಡನ್ನು ಸದ್ಯಕ್ಕೆ ಹೇಳುವುದಿಲ್ಲ. ಅರ್ಧದಷ್ಟು ಸಸಿ ಸಾಯುತ್ತವೆ. ಉಳಿದವು ವಾರಗಟ್ಟಲೆ ಬೆಳೆಯದೆ ಸುಮ್ನೆ ನಿಂತಿರುತ್ತವೆ. ಕೀಳಬೇಡಿ. ನಂತರ ಬರುವ ಎಲೆ ದಪ್ಪ, ಒರಟು, ಕಡು ಹಸಿರು. ಹತ್ತರಲ್ಲಿ ಒಂದು ಪಕ್ಕಾ ಡಬಲ್ ಸಿಕ್ಕರೆ ಒಳ್ಳೆಯ ಫಲ.

ಕಣ್ಣಳತೆ ನಂಬಬೇಡಿ. ಎಲೆಯ ಅಡಿಗೆ ಬಣ್ಣವಿಲ್ಲದ ನೇಲ್ ಪಾಲಿಶ್ ಹಚ್ಚಿ, ಒಣಗಿದ ಮೇಲೆ ಟೇಪಿನಿಂದ ಕಿತ್ತು ಮೈಕ್ರೋಸ್ಕೋಪಿನಲ್ಲಿ ನೋಡಿ. ಡಬಲ್ ಆದ ಎಲೆಯಲ್ಲಿ ಪತ್ರರಂಧ್ರ (ಎಲೆ ಉಸಿರಾಡುವ ಸಣ್ಣ ತೂತು) ದೊಡ್ಡವು, ಸಂಖ್ಯೆ ಕಡಿಮೆ. ಹಳೇ ಮೈಕ್ರೋಸ್ಕೋಪ್ ಹನ್ನೊಂದು ಸಾವಿರಕ್ಕೆ ಸಿಕ್ಕಿತು, ಖರ್ಚಿನಲ್ಲೆಲ್ಲ ಲಾಭದ ಖರ್ಚು ಅದೇ. ಒಂದೇ ಗಿಡದಲ್ಲಿ ಒಂದು ಟೊಂಗೆ ಡಬಲ್, ಇನ್ನೊಂದು ಸಾದಾ ಇರುವುದು ತುಂಬಾ ಮಾಮೂಲಿ. ಹಾಗಾಗಿ ಟೊಂಗೆ ಟೊಂಗೆ ನೋಡಿ ದಾರ ಕಟ್ಟಬೇಕು.

ಕಾಲ್ಚಿಸಿನ್ ವಿಷ. ಗ್ಲೌಸ್ ಹಾಕಿಕೊಳ್ಳಿ. ಆ ಸಸಿಗಳು, ಟ್ರೇ ಮಣ್ಣು ದನದ ಬಾಯಿಗೆ ಹೋಗಲೇಬಾರದು.

ನಡುವೆ ಅಗ್ನಿಶಿಖೆ ಬೀಜದಿಂದ ರಸ ತೆಗೆದು ನೋಡಿದೆ. ಅದರಲ್ಲೂ ಕಾಲ್ಚಿಸಿನ್ ಇದೆ, ದುಡ್ಡು ಉಳಿದೀತು ಎಂಬ ಆಸೆ. ಒಂದು ಟ್ರೇ ಪೂರ್ತಿ ಸುಟ್ಟಿತು, ಪಕ್ಕದ ಟ್ರೇಗೆ ಏನೂ ಆಗಲಿಲ್ಲ. ಪ್ರಮಾಣ ಅಳೆಯಲು ಬರದ ರಸದಿಂದ ಉಪಯೋಗವಿಲ್ಲ.

ಎಲ್ಲ ಸೇರಿ ಮೂರು ವರ್ಷಕ್ಕೆ ಅರವತ್ತು-ಎಪ್ಪತ್ತು ಸಾವಿರ ಹೋಗಿರಬೇಕು. ಹೂವಿನ ಗಾತ್ರ ನಾನು ಎಣಿಸಿದಷ್ಟು ಹೆಚ್ಚಲಿಲ್ಲ, ಹೂ ಬಿಡೋದೂ ಹತ್ತು-ಹನ್ನೆರಡು ದಿನ ತಡ. ಹಬ್ಬಕ್ಕೆ ಬೇಕಾದರೆ ಅಷ್ಟು ಮೊದಲೇ ನಾಟಿ ಮಾಡಬೇಕು. ಲಾಭ ಇರೋದು ಎಸಳಿನ ದಪ್ಪದಲ್ಲಿ. ದೊಡ್ಡ ತಲೆನೋವು ಬೀಜದ್ದು. ಮೊದಲ ಪೀಳಿಗೆಯಲ್ಲಿ ಬರೀ ಜೊಳ್ಳು. ಸಾದಾ ಗಿಡದ ಪರಾಗ ಜೇನುಹುಳು ತಂದರೆ ಇನ್ನೂ ಕೆಡುತ್ತದೆ, ಅದಕ್ಕೆ ಬಲೆ ಕಟ್ಟಿದೆ. ಗಟ್ಟಿ ಬೀಜ ಕೊಟ್ಟ ಗಿಡಗಳನ್ನೇ ಆರಿಸುತ್ತಾ ಬಂದೆ, ಈಗ ಪರವಾಗಿಲ್ಲ.

ಈಗ ಇದನ್ನು ಫ್ರೆಂಚ್ ಚೆಂಡುಹೂವಿನ ಜೊತೆ ಕ್ರಾಸ್ ಮಾಡುತ್ತಿದ್ದೇನೆ. ಅದಕ್ಕೆ ಮೊದಲಿನಿಂದಲೂ 48, ಇದಕ್ಕೂ ಈಗ 48. ಫ್ರೆಂಚನ್ನು 24ರ ಸಾದಾ ಆಫ್ರಿಕನ್ ಚೆಂಡುಹೂವಿನ (ನಾನು ಡಬಲ್ ಮಾಡಿದ ಜಾತಿ) ಜೊತೆ ಕ್ರಾಸ್ ಮಾಡಿದರೆ ಬರುವ ಗಿಡ ಬಂಜೆ, ಇಲ್ಲಿ ಆ ತೊಂದರೆ ಇರಬಾರದು. ಕ್ರಾಸಿಂಗ್‌ಗೆ ನಮ್ಮೂರ ಹೆಣ್ಣುಮಕ್ಕಳೇ ಬರುತ್ತಾರೆ. ಟೊಮೇಟೊ, ಮೆಣಸಿನಕಾಯಿ ಬೀಜದ ಹೊಲಗಳಲ್ಲಿ ಪಳಗಿದ ಕೈ. ಇನ್ನೂರರ ಹತ್ತಿರ ಸಸಿ ಟ್ರೇಯಲ್ಲಿವೆ. ಬೀಜ ಕೊಡಿ ಎಂದು ಕೇಳುವವರು ಇನ್ನೆರಡು ಹಂಗಾಮು ತಡೆಯಿರಿ.