ದುಬೈಗೆ ಬರುವ ನಮ್ಮ ಸೀಮೆಯ ಕ್ರೈಸ್ತ ಬಂಧುಗಳಿಗೆ

ಕೋಲಾರ, ಚಿಕ್ಕಬಳ್ಳಾಪುರ ಕಡೆಯಿಂದ ದುಬೈಗೆ ಕೆಲಸಕ್ಕೆ ಹೊರಟ ನಮ್ಮ ತಮ್ಮ ತಂಗಿಯರು ಸಂಬಳದ ಮಾತು ಮುಗಿದೊಡನೆ ಕೇಳುವುದು, ಅಲ್ಲಿ ಕೂಡಿ ಆರಾಧಿಸಲು ಸಭೆ, ಅಂದರೆ ಚರ್ಚ್, ಇದೆಯೇ ಎಂದು. ಇದೆ. ಮೆಟ್ರೊದ ಹಸಿರು ಮಾರ್ಗದಲ್ಲಿ ಊದ್ ಮೇಥಾ ನಿಲ್ದಾಣಕ್ಕೆ ಇಳಿದರೆ ಆಂಗ್ಲಿಕನ್ನರ ಹೋಲಿ ಟ್ರಿನಿಟಿ, ಕಥೋಲಿಕರ ಸೇಂಟ್ ಮೇರೀಸ್ ಎರಡೂ ಆ ಬಡಾವಣೆಯಲ್ಲೇ ಇವೆ. ಜೆಬೆಲ್ ಅಲಿ ಕಡೆ ಕೆಲಸ ಸಿಕ್ಕವರಿಗೆ ಅಲ್ಲಿಯದೇ ಚರ್ಚ್ ಆವರಣ ಹತ್ತಿರ. 2022ರ ಜನವರಿಯಿಂದ ಇಲ್ಲಿ ಶುಕ್ರವಾರ, ಶನಿವಾರದ ಬದಲು ಶನಿವಾರ, ಭಾನುವಾರ ರಜೆಯಾಗಿದ್ದರೂ ಶುಕ್ರವಾರದ ಆರಾಧನೆ ನಿಂತಿಲ್ಲವಾದ್ದರಿಂದ, ನಿಮ್ಮ ಬಿಡುವಿನ ದಿನ ತಿಳಿದ ಮೇಲೆ ಸಭೆಯನ್ನು ಆರಿಸಿಕೊಳ್ಳಿ.

ಹೋಲಿ ಟ್ರಿನಿಟಿಯ ಆವರಣವನ್ನು ಹಲವು ಭಾಷೆಗಳ ಸಭೆಗಳು ಸಮಯ ಹಂಚಿಕೊಂಡು ಬಳಸುತ್ತವೆ. ತೆಲುಗು ನಮ್ಮವರ ಬಾಯಿಗೆ ಹತ್ತಿರದ್ದಾದ್ದರಿಂದ ಆ ಭಾಷೆಯ ಆರಾಧನೆಯಲ್ಲಿ ಕುಳಿತರೂ ಪರಕೀಯರೆನಿಸುವುದಿಲ್ಲ. ಊರಿನಲ್ಲಿ ಕೋಲಾರದ ಮೆಥಡಿಸ್ಟ್ ಪಂಗಡದವರೂ, ಲಂಡನ್ ಮಿಷನ್ ಎಂಬ ಪ್ರೊಟೆಸ್ಟೆಂಟ್ ಸಂಸ್ಥೆಯಿಂದ ಬೆಳೆದು 1947ರಲ್ಲಿ ದಕ್ಷಿಣ ಭಾರತ ಸಭೆಗೆ (ಸಿಎಸ್‌ಐ) ಸೇರಿದ ಚಿಕ್ಕಬಳ್ಳಾಪುರದವರೂ ಒಂದೇ ಬೆಂಚಿನಲ್ಲಿ ಕೂರುವುದು ಅಪರೂಪ. ಇಲ್ಲಿ ಆ ಬೇಲಿ ತಾನಾಗಿ ಬೀಳುತ್ತದೆ, ನನಗಂತೂ ಅದು ಸಂತೋಷವೇ. ಆದರೆ ದೀಕ್ಷಾಸ್ನಾನದ ಪ್ರಮಾಣಪತ್ರವನ್ನೂ ಸಭಾಪಾಲಕರ ಪತ್ರವನ್ನೂ ತಪ್ಪದೆ ತನ್ನಿ, ಮದುವೆಯ ಕಾಲಕ್ಕೆ ಊರಿಗೆ ಫೋನ್ ಮಾಡಿ ಪರದಾಡುವವರನ್ನು ಬಹಳ ಕಂಡಿದ್ದೇನೆ.

ಸ್ವಂತ ಪ್ರಾರ್ಥನೆಗೆ ಮಾತ್ರ ಕನ್ನಡವನ್ನು ಬಿಡಬೇಡಿ. ಫೋನಿನಲ್ಲಿ ಸತ್ಯವೇದ (ಬೈಬಲ್) ಇದ್ದರೂ ಅಚ್ಚಾದ ಪ್ರತಿಯೊಂದು ಪೆಟ್ಟಿಗೆಯಲ್ಲಿರಲಿ. ಆರು ಜನ ಮಲಗುವ ಕೋಣೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು ಫೋನ್ ಹಿಡಿದರೆ, ಕೀರ್ತನೆ ತೆರೆಯುವ ಮೊದಲೇ ಬೆರಳು ವಿಡಿಯೊಗಳ ಕಡೆಗೆ ಜಾರಿರುತ್ತದೆ.

ಇನ್ನು ವಿಶ್ವಾಸವನ್ನು ಇತರರಿಗೆ ಹೇಳುವ ವಿಷಯ. ಇಲ್ಲಿ ಪರವಾನಗಿ ಪಡೆದ ಆವರಣದೊಳಗೆ ಆರಾಧನೆಗೆ ಅಡ್ಡಿಯಿಲ್ಲ, ಆದರೆ ಹೊರಗೆ ಮತಪ್ರಚಾರ ಮಾಡುವುದು, ವಿಶೇಷವಾಗಿ ಮುಸ್ಲಿಮರ ನಡುವೆ, ಅಪರಾಧ. ಅನುಮತಿಯಿಲ್ಲದೆ ಚಂದಾ ಎತ್ತುವುದೂ ಅಷ್ಟೇ, ಅದು ಊರಿನ ಚರ್ಚಿನ ಮಾಡು ರಿಪೇರಿಗೆಂದೇ ಆಗಿರಲಿ. ನಾನು ಬಂದ ಹೊಸದರಲ್ಲಿ ಊರಿನಿಂದ ತಂದ ಕರಪತ್ರಗಳನ್ನು ಕೆಲಸದ ಜಾಗದಲ್ಲಿ ಹಂಚಲು ಹೊರಟಿದ್ದೆ. ಮೇಲ್ವಿಚಾರಕರು ಚೀಲವನ್ನು ನೋಡಿ, ಬಾಗಿಲು ಮುಚ್ಚಿ ಬೈದು, ವೀಸಾ ಉಳಿಸಿದರು. ಆಮೇಲೆ ಸತ್ಯವೇದದಲ್ಲಿ ಪೇತ್ರನ ಮೊದಲ ಪತ್ರದ ಮೂರನೆಯ ಅಧ್ಯಾಯವನ್ನು ಮತ್ತೆ ಓದಿದಾಗ, ಕೇಳಿದವರಿಗೆ ಸಾತ್ವಿಕತ್ವದಿಂದ ಉತ್ತರ ಕೊಡಬೇಕೆಂದು ಅಲ್ಲಿ ಇರುವುದು ಕಣ್ಣಿಗೆ ಬಿತ್ತು. ಕೇಳುವವರೆಗೆ ಕಾಯುವುದು ಹೇಡಿತನವೆಂದು ಅಲ್ಲಿಯವರೆಗೆ ತಿಳಿದಿದ್ದೆ.

ಚಿಂತಾಮಣಿ ಕಡೆಯ ಹಿಂದೂ ಹುಡುಗನೊಬ್ಬ ನಮ್ಮ ಕೋಣೆಯಲ್ಲಿದ್ದ. ಅವನ ತಾಯಿ ತೀರಿಕೊಂಡ ದಿನ ಟಿಕೆಟ್ ಸಿಗಲಿಲ್ಲ, ಮಣ್ಣಿಗೆ ಹೋಗಲಾಗಲಿಲ್ಲ. ನಾವು ಮುದ್ದೆ, ಹುರುಳಿಕಾಳಿನ ಸಾರು ಮಾಡಿ ಬಲವಂತವಾಗಿ ಉಣ್ಣಿಸಿ, ಸರದಿಯಂತೆ ಅವನ ಪಕ್ಕ ಎಚ್ಚರವಿದ್ದೆವು. ದೇವರ ಮಾತನ್ನು ಯಾರೂ ಎತ್ತಲಿಲ್ಲ. ತಿಂಗಳು ಕಳೆದ ಮೇಲೆ ಅವನೇ, ‘ಅಣ್ಣ, ಬೆಳಿಗ್ಗೆ ಎದ್ದು ಅದೇನು ಓದ್ತೀರ?’ ಎಂದ. ಇಪ್ಪತ್ಮೂರನೆಯ ಕೀರ್ತನೆಯನ್ನು ಅವನ ಕೈಗೆ ಕೊಟ್ಟೆ. ಕುರುಬನ ಮಾತು ಬಂದಲ್ಲಿ ನಿಲ್ಲಿಸಿ, ತನ್ನ ತಾತನೂ ಕುರಿ ಕಾಯುತ್ತಿದ್ದನೆಂದು ಹೇಳಿ, ಉಳಿದದ್ದನ್ನು ನಿಧಾನವಾಗಿ ಓದಿಕೊಂಡ.