ಮಗ್ಗದ ಮನೆಗಳಲ್ಲಿ ಬಿ.ಪಿ. ಗುಳಿಗೆ ತಪ್ಪದಂತೆ ಮಾಡಿದ್ದು

ನೇಕಾರರು ಎರಡು ತಿಂಗಳು ಗುಳಿಗೆ ನುಂಗಿ ಬಿಟ್ಟುಬಿಡುತ್ತಾರೆ, ಅದು ಆಗುವ ಕೆಲಸವಲ್ಲ ಎಂದು ಮೇಲಿನವರೂ ಹೇಳಿದ್ದರು, ಜೊತೆಯ ಆಶಾ ಕಾರ್ಯಕರ್ತೆಯರೂ ಹೇಳಿದ್ದರು. ಇಳಕಲ್ ಹತ್ತಿರದ ನಮ್ಮೂರಿನಲ್ಲಿ, ನನ್ನ ಪಾಲಿನ ಮನೆಗಳಲ್ಲಿ, ಈಗ ಹೆಚ್ಚುಕಡಿಮೆ ಮುಕ್ಕಾಲು ಪಾಲು ಜನ ಪ್ರತಿ ತಿಂಗಳೂ ಗುಳಿಗೆ ಒಯ್ಯುತ್ತಾರೆ.

30 ದಾಟಿದವರ ಸಿಬ್ಯಾಕ್ ಫಾರಂ, ಅಂದರೆ ಬಿ.ಪಿ., ಸಕ್ಕರೆ ಕಾಯಿಲೆಯಂಥವುಗಳ ಅಪಾಯ ಕೇಳಿ ಬರೆದುಕೊಳ್ಳುವ ಹಾಳೆ, ತುಂಬುವುದು ಆಶಾ ಕಾರ್ಯಕರ್ತೆಯರಾದ ನಿಮಗೆಲ್ಲ ಗೊತ್ತೇ ಇದೆ. ಕಷ್ಟವಿರುವುದು ಆಮೇಲೆ. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕುಳಿತವನು ಅರ್ಧ ದಿನ ಎದ್ದರೆ ಅಷ್ಟು ಕೂಲಿ ಹೋಯಿತು. ಫೋನ್ ಮಾಡಿ ನೆನಪಿಸಿದೆ. ಲಾಳಿಯ ಸದ್ದಿನಲ್ಲಿ ಯಾರೂ ಎತ್ತಲಿಲ್ಲ. ಗುಡಿಯ ಕಟ್ಟೆಯ ಮೇಲೆ ತಪಾಸಣೆ ಇಟ್ಟೆವು. ಚಹಾ, ಪೆಂಡಾಲು ಎಂದು ನನ್ನ ಕೈಯಿಂದಲೇ ಏಳೆಂಟು ನೂರು ರೂಪಾಯಿ ಹೋಯಿತು. ಬಂದವರು ಮಗ್ಗ ಬಿಟ್ಟ ಮುದುಕರು. ಒಬ್ಬ ರೋಗಿಯನ್ನು ಆರು ತಿಂಗಳು ಹಿಂಬಾಲಿಸಿದರೆ ನಮಗೆ ಸಿಗುವುದು 50 ರೂಪಾಯಿ. ಲೆಕ್ಕ ನೀವೇ ಹಾಕಿ.

ದಾರಿ ತೋರಿದವರು ಕಂಡಿಕೆ, ಅಂದರೆ ಲಾಳಿಯೊಳಗೆ ಇಡುವ ನೂಲಿನ ಸುರುಳಿ, ಸುತ್ತುವ ಹೆಂಗಸರು. ಬೆಳಿಗ್ಗೆ ಕಂಡಿಕೆ ಬುಟ್ಟಿ ಮಗ್ಗದ ಬಳಿ ಇಡುವುದು ಅವರೇ. ಗುಳಿಗೆಯ ಸ್ಟ್ರಿಪ್ ಅನ್ನು ಅದೇ ಬುಟ್ಟಿಯಲ್ಲಿ ಇಡಿಸಿದೆ. ಮೊದಲ ಕಂಡಿಕೆಯ ಜೊತೆಗೆ ಗುಳಿಗೆ, ನೀರು. ಇನ್ನು ತಿಂಗಳ ತಪಾಸಣೆಯನ್ನು ಕೂಲಿ ಕೊಟ್ಟು ನೇಯಿಸುವ ಸಾಹುಕಾರರ ಮನೆ ಮುಂದೆ, ಬಟವಾಡೆಯ ದಿನ ಇಟ್ಟುಕೊಂಡೆವು. ಕೂಲಿಗೆ ಬಂದವರು ಹೇಗೂ ಕಾಯುತ್ತಾರೆ. ಸಮುದಾಯ ಆರೋಗ್ಯ ಅಧಿಕಾರಿ ಅಲ್ಲಿಯೇ ಬಿ.ಪಿ. ನೋಡಿ ಗುಳಿಗೆ ಕೊಡುತ್ತಾರೆ. 140/90ರ ಒಳಗೆ ಬಂದವರು ಪಕ್ಕದವರಿಗೆ ಹೇಳಿಕೊಂಡು ಹೋಗುತ್ತಾರೆ. ಸಾಹುಕಾರರು ಮೊದಲು ಒಪ್ಪಿರಲಿಲ್ಲ. ಏನು ಹೇಳಿ ಒಪ್ಪಿಸಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ಇನ್ನೂ ಎರಡು ಕಡೆ ಬೇಕಾಗಿದೆ.

ನಡುವೆ ಉಪ್ಪಿನ ಪ್ರಯೋಗವನ್ನೂ ಮಾಡಿದೆ. ನಾಲ್ಕೈದು ಮನೆಗಳಲ್ಲಿ ಶೇಂಗಾ ಚಟ್ನಿಗೆ ಉಪ್ಪು ಅರ್ಧ ಮಾಡಿಸಿ ಬೆಳ್ಳುಳ್ಳಿ ಹೆಚ್ಚಿಸಿದೆವು. ಒಂದೆರಡು ಮನೆಗಳಲ್ಲಿ ಮಾತ್ರ ಉಳಿದಿದೆ. ಉಪ್ಪಿನಕಾಯಿಯ ತಂಟೆಗೆ ಹೋಗಬೇಡಿ, ಮನೆಯೊಳಗೇ ಬಿಡುವುದಿಲ್ಲ.

ಇಷ್ಟು ಹಟ ಹಿಡಿದದ್ದಕ್ಕೆ ಕಾರಣವಿದೆ. ಬಿ.ಪಿ.ಎಲ್. ಕುಟುಂಬಕ್ಕೆ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ, ನಿಜ. ಆದರೆ ಬಿ.ಪಿ. ಏರಿ ಲಕ್ವಾ ಹೊಡೆದ ಕೈಗೆ ಲಾಳಿ ಹಿಡಿಯಲು ಬರುವುದಿಲ್ಲ. ತುರ್ತು ಅಲ್ಲದ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು ಎಂಬುದು ತಿಳಿಯದೆ ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋಗಿ, ಬಡ್ಡಿಗೆ ಹಣ ತಂದವರು ನಮ್ಮ ಓಣಿಯಲ್ಲೇ ಇದ್ದಾರೆ. ಈಗ ಗುಳಿಗೆ ಹಿಡಿದ ಪ್ರತಿ ಮನೆಯವರಿಂದ ರೇಷನ್ ಕಾರ್ಡು, ಆಧಾರ್, ಹಳೆಯ ಚೀಟಿಗಳನ್ನು ಒಂದೇ ಚೀಲದಲ್ಲಿ ಇಡಿಸಿದ್ದೇನೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರು ಬಸ್ ಖರ್ಚಿಲ್ಲದೆ ಬಾಗಲಕೋಟೆ ನವನಗರದ ಜಿಲ್ಲಾ ಆಸ್ಪತ್ರೆಗೆ ಹೋಗಿ ಬರುತ್ತಾರೆ.

ವಿದ್ಯುತ್ ಮಗ್ಗದ ಮನೆಗಳಲ್ಲಿ ಈ ಉಪಾಯ ಇನ್ನೂ ಹತ್ತಿಲ್ಲ. ಅಲ್ಲಿ ಪಾಳಿಯ ದುಡಿಮೆ, ಬೆಳಿಗ್ಗೆ ಎಂಬುದು ಎಲ್ಲರಿಗೂ ಒಂದೇ ಅಲ್ಲ. ಸದ್ಯ ಪಾಳಿ ಬದಲಾಗುವ ಹೊತ್ತಿಗೆ ಬಾಗಿಲಲ್ಲಿ ನಿಂತು ನೋಡುತ್ತಿದ್ದೇನೆ.